ಕೆಟ್ಟ ಪಟಗಳ ಬಿಸ್ಕತ್ತು ಡಬ್ಬಿ

ನನ್ನ ಸ್ಟುಡಿಯೊ ಬಂಟ್ವಾಳ ಪೇಟೆಯಲ್ಲಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಕಿಟಕಿಯಿಲ್ಲದ ಕತ್ತಲೆಕೋಣೆ. ಅಲ್ಲಿ ಕೆಂಪು ದೀಪದಡಿ ಬಿಳಿ ಕಾಗದವನ್ನು ಮದ್ದಿನ ನೀರಿಗಿಳಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದರೆ ಮೊದಲು ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಇಡೀ ಮನುಷ್ಯ ಎದ್ದು ಬರುತ್ತಿದ್ದ. ಎಷ್ಟು ವರ್ಷ ನೋಡಿದರೂ ನನಗದು ಹಳತಾಗಲಿಲ್ಲ. ಹೊರಗೆ ಮಳೆಯೋ ಬಿಸಿಲೋ, ಒಳಗಿದ್ದವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಎಲ್ಲ ಪಟವೂ ಸರಿ ಬರುವುದುಂಟೇ? ಕೆಲವು ಕಪ್ಪಾದವು, ಕೆಲವು ಮಂಕಾದವು. ನಾನು ಮೂಗಿನ ತುದಿಯಲ್ಲಿ ಸಿಟ್ಟಿರುವವನು, ಕೆಟ್ಟದ್ದನ್ನು ಮುದ್ದೆ ಮಾಡಿ ಎಸೆಯುತ್ತಿದ್ದೆ. ನನ್ನ ಹೆಂಡತಿ ಹೆಕ್ಕಿಕೊಂಡು, ನೀರಲ್ಲಿ ನೆನೆಸಿ, ಚಪ್ಪಟೆಯಾಗಿ ಒಣಗಿಸಿ ಬಿಸ್ಕತ್ತು ಡಬ್ಬಿಗೆ ತುಂಬುತ್ತಿದ್ದಳು.

"ಬಿಸಾಡಬೇಡಿ ಮಾರಾಯ್ರೆ, ಎಂತಕ್ಕಾದ್ರೂ ಆಗ್ತದೆ" ಎನ್ನುತ್ತಿದ್ದಳು.

ಆಗುತ್ತಿತ್ತು ಕೂಡ. ನಮ್ಮ ಕಡೆಯ ಮಳೆಗೆ ಗೋಡೆಯ ತೇವ ಪಟಕ್ಕೆ ಹತ್ತುತ್ತದೆ. ಅದಕ್ಕೇ ಗಾಜು ಕೂರಿಸಿ ಮರದ ಕಟ್ಟು ಹಾಕುವಾಗ ಪಟಕ್ಕೂ ಹಿಂದಿನ ಹಲಗೆಗೂ ನಡುವೆ ಅವಳು ಒಂದು ಕೆಟ್ಟ ಪಟವನ್ನು ಕತ್ತರಿಸಿ ಇಡುತ್ತಿದ್ದಳು. ಹಾಗಾಗಿ ವಿಟ್ಲದ ಅಡಿಕೆ ವ್ಯಾಪಾರಿಯ ಬೆನ್ನಿಗೆ ಕಣ್ಣು ಮುಚ್ಚಿಕೊಂಡ ಬೆಳ್ತಂಗಡಿಯ ಮದುಮಗಳು. ಗೋಡೆಗೋಡೆಯಲ್ಲೂ ಹೀಗೆ ಗುರುತಿಲ್ಲದವರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಮನೆಯವರಿಗೆ ತಿಳಿಯದು.

ಕ್ಯಾಮೆರಾದ ಗಾಜಿನ ಪ್ಲೇಟುಗಳ ಹೊಸ ಪೆಟ್ಟಿಗೆ ಬಿಚ್ಚಿದ ದಿನ ಬೆಳಕು ನೋಡಲು ಅವಳನ್ನೇ ಕೂರಿಸುತ್ತಿದ್ದೆ. ಒಂದು ಗಳಿಗೆ ಸುಮ್ಮನಿದ್ದರೆ ಕೇಳಿ! "ಆಯ್ತಾ? ಅನ್ನ ಅಡಿ ಹಿಡೀತದೆ" ಎಂದು ತುಟಿ ಅಲ್ಲಾಡಿಸಿ ಕೆಡಿಸುವಳು. ಆ ಪ್ಲೇಟಿನ ಮೇಲೆ ಮೂಡಿದ್ದನ್ನು ಬಿಸಿನೀರಲ್ಲಿ ಉಜ್ಜಿ ತೆಗೆದು, ಗಾಜನ್ನು ಸಣ್ಣ ಕಟ್ಟುಗಳಿಗೆ ಬಳಸುತ್ತಿದ್ದೆವು. ಕಾಗದದಲ್ಲಿ ಮೂಡಿದ ತನ್ನನ್ನು ಅವಳು ಎಲ್ಲರಿಗಿಂತ ಮೊದಲು ಕತ್ತರಿಸಿ ಯಾರದೋ ಬೆನ್ನಿಗೆ ಹಾಕಿಬಿಡುತ್ತಿದ್ದಳು. "ನನ್ನ ಮೋರೆ ನೋಡ್ಲಿಕ್ಕೆ ಯಾರು ಬರ್ತಾರೆ?"

"ದೀಪಾವಳಿಗೆ ಒಳ್ಳೆ ಸೀರೆ ಉಟ್ಟುಕೋ, ಸರಿಯಾಗಿ ಒಂದು ತೆಗೆಯುವ" ಎನ್ನುತ್ತಿದ್ದೆ. ಎಷ್ಟೋ ದೀಪಾವಳಿಗಳು ಹೋದವು.

ಒಮ್ಮೆ ಅವಳೇ ಹಟಮಾಡಿ ನನ್ನ ಪಟ ತೆಗೆದಳು. ತೊಳೆದು ನೋಡಿದರೆ ತಲೆಯೇ ಇಲ್ಲ, ಕೊರಳಿನಿಂದ ಕೆಳಗೆ ಅಂಗಿ ಮಾತ್ರ. ಪ್ಲೇಟು ಹಾಳಾಯಿತೆಂದು ಕೂಗಾಡಿದೆ. ಅವಳು ನಕ್ಕು, ಅದನ್ನೂ ಕಾಗದಕ್ಕೆ ಇಳಿಸಿ ಕೊಡಲು ಹೇಳಿ ತೆಗೆದುಕೊಂಡಳು.

ಒಂದು ಮಳೆಗಾಲದ ಜ್ವರದಲ್ಲಿ ಹೋಗಿಬಿಟ್ಟಳು. ಉತ್ತರಕ್ರಿಯೆಗೆ, ಬೊಜ್ಜದ ದಿನ, ನೆಂಟರು ಹೂ ಹಾಕಲು ಪಟ ಕೇಳಿದರು. ಊರಿಗೆಲ್ಲ ಪಟ ತೆಗೆದವನ ಮನೆಯಲ್ಲಿ ಹೆಂಡತಿಯದು ಒಂದೂ ಇಲ್ಲ. ಡಬ್ಬಿ ಕವುಚಿ ಹುಡುಕಿದೆ. ಎಲ್ಲರೂ ಇದ್ದರು, ಅವಳಿರಲಿಲ್ಲ. ಕೆಲವು ತಿಂಗಳಲ್ಲಿ ಕಣ್ಣು ಮುಚ್ಚಿದರೆ ಅವಳ ಹುಬ್ಬು ಬರುತ್ತಿತ್ತು, ಕಣ್ಣು ಬರುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಆಮೇಲೆ ಹಳೆಯ ಗಿರಾಕಿಗಳ ಮನೆಮನೆಗೆ ಹೋದೆ. ಪಟದ ಧೂಳು ತೆಗೆದು ಪುಕ್ಕಟೆ ಕಟ್ಟು ಬಿಗಿಮಾಡಿ ಕೊಡುತ್ತೇನೆಂದೆ. ಇವನಿಗೆ ಯಾವಾಗ ಬಂತು ಈ ದೊಡ್ಡ ಮನಸ್ಸು ಎಂದು ಜನ ನಕ್ಕಿರಬೇಕು. ಹಲಗೆ ಬಿಚ್ಚಿದಲ್ಲೆಲ್ಲ ಬೇರೆಯವರೇ.

ಕೊನೆಗೆ ಪೊಳಲಿಯ ಒಂದು ಮನೆಯಲ್ಲಿ, ತೀರಿಹೋದ ಯಜಮಾನರ ಬೆನ್ನ ಹಿಂದೆ ಅವಳಿದ್ದಳು. ಹಳದಿ ಹಿಡಿದಿತ್ತು, ಒಂದು ಕಿವಿ ಕತ್ತರಿಗೆ ಹೋಗಿತ್ತು, ತುಟಿ ಅಲ್ಲಾಡಿತ್ತು.

ಆ ಮನೆಯ ಅಜ್ಜಿ ಬಗ್ಗಿ ನೋಡಿ ನಕ್ಕರು. "ಇದೆಂತ ಮಾರಾಯ್ರೆ! ಇಷ್ಟು ವರ್ಷ ನಮ್ಮವರ ಬೆನ್ನಿಗೆ ಯಾವ ಹೆಂಗಸು?"

"ನನ್ನ ಹೆಂಡತಿ" ಎಂದೆ.

ಅವರ ನಗು ನಿಂತಿತು. "ಕೊಂಡೋಗಿ. ಇವರಿಗೆ ಬೇರೆ ಎಂತಾದ್ರೂ ಹಾಕಿ."

ಮನೆಗೆ ಬಂದು ಅವಳಿಗೆ ಕಟ್ಟು ಹಾಕಲು ಕುಳಿತೆ. ತೇವ ತಡೆಯಲು ಬೆನ್ನಿಗೊಂದು ಬೇಕಲ್ಲ. ಡಬ್ಬಿಯ ತಳಕ್ಕೆ ಹಾಸಿ, ಅಲ್ಲೇ ಅಂಟಿಹೋಗಿದ್ದ ಪತ್ರಿಕೆಯನ್ನು ಎಬ್ಬಿಸಿದಾಗ ಅದರಡಿ ತಲೆಯಿಲ್ಲದ ನಾನಿದ್ದೆ. ನನ್ನನ್ನು ಮಾತ್ರ ಅವಳು ಯಾರ ಬೆನ್ನಿಗೂ ಕೊಟ್ಟಿರಲಿಲ್ಲ. ಅದನ್ನೇ ಅವಳ ಹಿಂದೆ ಇಟ್ಟು ಮೊಳೆ ಹೊಡೆದೆ.