ಪೈಪ್‌ಲೈನ್ ಲೆಕ್ಕದ ದೋಣಿ ಮೋಟರ್

ನನ್ನ ಸೋದರಮಾವ ಬಬಲೇಶ್ವರದ ಆಚೆ, ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಅವನ ಬಲಭುಜ ಕೆಟ್ಟಿತು. ವಿಜಯಪುರದ ಡಾಕ್ಟರು ನೋಡಿ, ಇನ್ನು ಹುಟ್ಟು ಹಾಕುವುದು ಬಂದ್ ಎಂದರು. ಬಲೆಯನ್ನು ನಿಧಾನವಾಗಿ ಎಡಗೈಯಿಂದ ಎತ್ತಬಹುದು, ಆದರೆ ಗಾಳಿಗೆ ಎದುರಾಗಿ ದೋಣಿ ನಡೆಸುವುದು ಒಂದು ಕೈಯಿಂದ ಆಗುವ ಮಾತಲ್ಲ. ಉಳಿದದ್ದು ಎರಡೇ ದಾರಿ: ದೋಣಿಗೆ ಮೋಟರ್ ಹಾಕಿಸುವುದು, ಇಲ್ಲವೇ ದೋಣಿ ಮಾರಿ ಸುಮ್ಮನೆ ಕೂರುವುದು. ಸುಮ್ಮನೆ ಕೂರುವ ವಿದ್ಯೆ ಮಾಮನಿಗೆ ಗೊತ್ತಿಲ್ಲ. ಅದರಲ್ಲಿ ಪಳಗಿದವನು ನಾನು.

ಆದರೂ ಮೋಟರ್ ಆರಿಸುವ ಕೆಲಸ ನನ್ನ ಹೆಗಲಿಗೇ ಬಂತು. ವಿಜಯಪುರದ ಸ್ಟೇಷನ್ ರಸ್ತೆಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ನಮ್ಮ ಮನೆಯವರ ಪ್ರಕಾರ ಮಿಕ್ಸರಿನಿಂದ ವಿಮಾನದವರೆಗೆ ತಿರುಗುವುದೆಲ್ಲ ನನ್ನ ಇಲಾಖೆ. ನಾನೂ ಅದನ್ನು ಅಲ್ಲಗಳೆದವನಲ್ಲ.

"ಅಳ್ಯಾ, ಎಷ್ಟ ಹೆಚ್‌ಪಿ ಬೇಕಾಗ್ತೈತಿ?" ಎಂದು ಮಾಮ ಫೋನಿನಲ್ಲಿ ಕೇಳಿದ.

"ಬಲಿ ಎಷ್ಟ ದೂರ ಹಾಕ್ತಿ ಮಾಮಾ?"

"ದಂಡಿಯಿಂದ ಎರಡ ಕಿಲೋಮೀಟರ್ ಹಿಡಿ."

"ಹಂಗಾದ್ರ ಇಪ್ಪತ್ತೈದು. ಕಣ್ಣ ಮುಚ್ಚಿ ಹಾಕ್ಸು."

ನಾನು ಹೊನವಾಡದವನು. ಟಿಕೋಟಾ ಸುತ್ತಿನ ದ್ರಾಕ್ಷಿ ತೋಟದವರು ದೂರದಿಂದ ಪೈಪ್‌ಲೈನ್ ಎಳೆದು ನೀರು ತರುತ್ತಾರೆ. ದೂರ ಹೆಚ್ಚಿದಷ್ಟೂ ಮೋಟರಿನ ಹೆಚ್‌ಪಿ ಹೆಚ್ಚಬೇಕು. ಎರಡು ಕಿಲೋಮೀಟರ್, ನಡುವೆ ಒಂದು ದಿಬ್ಬ ಎಂದು ಗಿರಾಕಿ ಹೇಳಿದರೆ ನಾನು ನಿದ್ದೆಗಣ್ಣಿನಲ್ಲೂ ಇಪ್ಪತ್ತೈದು ಎನ್ನುತ್ತೇನೆ. ಇಲ್ಲಿ ನೀರು ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆ ದೋಣಿ ಹೋಗುತ್ತದೆ ಎಂಬ ಸಣ್ಣ ವ್ಯತ್ಯಾಸ ನನಗೆ ತೋಚಲಿಲ್ಲ. ನದಿಯಲ್ಲಿ ದಿಬ್ಬ ಇರುವುದಿಲ್ಲವೆಂಬುದು ಮಾತ್ರ ತೋಚಿತು. ದಿಬ್ಬದ ಜಾಗದಲ್ಲಿ ಗಾಳಿಯನ್ನು ಕೂರಿಸಿ ಲೆಕ್ಕ ಮುಗಿಸಿದೆ.

ನಮ್ಮ ಮಾಲೀಕರ ಪರಿಚಯದವರೊಬ್ಬರು ಸಾಂಗಲಿಯಲ್ಲಿ ದೋಣಿ ಮೋಟರ್ ಮಾರುತ್ತಾರೆ. ಹಾಕಿ ನೋಡಿ, ಹೊಂದಿದರೆ ಇಟ್ಟುಕೊಳ್ಳಿ ಎಂದು ಒಂದನ್ನು ಕಳಿಸಿದರು. ಟಂಟಂ ಆಟೋದಲ್ಲಿ ಹೇರಿಕೊಂಡು ಹೊರಟೆ. ಬಬಲೇಶ್ವರದಲ್ಲಿ ಚಹಾಕ್ಕೆ ನಿಂತಾಗ ಹಿರಿಯರೊಬ್ಬರು ಅದರ ಸುತ್ತ ಪ್ರದಕ್ಷಿಣೆ ಹಾಕಿದರು.

"ಎಷ್ಟ ಫೂಟಿನ ಬೋರಿಗೆ ತಮ್ಮಾ ಇದು?"

"ಬೋರಿಗಲ್ರಿ ಕಾಕಾ, ನಮ್ಮ ಮಾಮಾನ ಮೀನು ಹಿಡಿಯೂ ದೋಣಿಗಿ."

"ಹಡಗ ತಂದಾನೇನು ನಿಮ್ಮ ಮಾಮಾ?"

ಅದು ಎಚ್ಚರಿಕೆ ಎಂದು ಈಗ ಅರ್ಥವಾಗುತ್ತದೆ. ಆಗ ಹೊಗಳಿಕೆ ಎಂದುಕೊಂಡು ಅವರ ಚಹಾದ ದುಡ್ಡನ್ನೂ ನಾನೇ ಕೊಟ್ಟೆ.

ಮಾಮನ ದೋಣಿ ಫೈಬರಿನದು, ಹದಿನಾಲ್ಕು ಅಡಿ. ಹಿಂದಿನ ಹಲಗೆಗೆ ಮೋಟರ್ ಸಿಕ್ಕಿಸಿ ತಿರುಪು ಬಿಗಿದೆವು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಅಷ್ಟರಲ್ಲೇ ದೋಣಿಯ ಹಿಂಭಾಗ ಕೆಳಗಿಳಿದು, ರೊಟ್ಟಿಗೆ ಕಾಯುವ ನಾಯಿಯಂತೆ ಮೂತಿ ಮೇಲೆತ್ತಿ ಕೂತಿತು.

"ಹಿಂಗ್ಯಾಕ ಕುಂತೈತೋ ಇದು?" ಎಂದಳು ಅತ್ತೆ.

"ಓಡಾಕ ಚಾಲೂ ಆದ್ರ ಸರಿ ಆಗ್ತೈತಿ ಅತ್ತಿ" ಎಂದೆ. ದೋಣಿ ಮೋಟರನ್ನು ನಾನು ಹುಟ್ಟಿದ ಮೇಲೆ ನೋಡುತ್ತಿದ್ದದ್ದು ಅಂದೇ ಮೊದಲು.

ಇಂಥ ಮೋಟರ್ ಚಾಲೂ ಮಾಡಲು ಹಗ್ಗ ಹಿಡಿದು ಜಗ್ಗಬೇಕು. ಮಾಮ ದೋಣಿ ಹತ್ತಿದ, ರೂಢಿಯಂತೆ ಬಲಗೈ ಹಾಕಿ ಒಮ್ಮೆ ಜಗ್ಗಿದ, "ಯಪ್ಪಾ!" ಎಂದು ಭುಜ ಹಿಡಿದು ಕೂತುಬಿಟ್ಟ. ಎಡಗೈಯಿಂದ ಜಗ್ಗಿದರೆ ಅದು ಮಿಸುಕಲೂ ಇಲ್ಲ. ಆಗ ನಾನು ಹತ್ತಿದೆ. ಮೊದಲೇ ಕುಸಿದಿದ್ದ ಹಿಂಭಾಗದಲ್ಲಿ ಮೂರು ಹೊತ್ತು ಉಣ್ಣುವ ನಾನೂ ನಿಂತೆ. ಎರಡೂ ಕೈಯಿಂದ ಜಗ್ಗಿದೆ, ಮೋಟರ್ ಗುಡುಗಿತು, ಹಿಡಿಕೆ ತಿರುವಿದೆ. ದೋಣಿ ಮುಂದೆ ಹೋಗುವುದನ್ನು ಬಿಟ್ಟು ಮೇಲಕ್ಕೆ ಹೋಗಲು ನೋಡಿತು. ಹಿಂದಿನ ಹಲಗೆ ದಾಟಿ ನೀರು ಒಳಗೆ ಬಂತು. ನಾನು ದೇವರ ಹೆಸರು ಕೂಗುತ್ತಾ ಹಿಡಿಕೆ ಬಿಟ್ಟೆ. ಫಕ್ಕನೆ ಜಗ್ಗಿದಂತಾಗಿ ದೋಣಿ ನಿಂತಿತು.

ನೋಡಿದರೆ, ದಂಡೆಯ ಜಾಲಿ ಮರಕ್ಕೆ ಕಟ್ಟಿದ ಹಗ್ಗ ಹಾಗೇ ಇತ್ತು.

"ನಾ ಬಿಚ್ಚೇ ಇಲ್ಲ" ಎಂದಳು ಅತ್ತೆ. "ನಿನ್ನ ಮ್ಯಾಗ ಭಾಳ ನಂಬಿಕಿ ಐತಲ್ಲ, ಅದಕ್ಕ."

ನಾವು ಮೊಣಕಾಲುದ್ದದ ನೀರಿನಲ್ಲಿ ಇಳಿದು ಬಂದೆವು. ದೋಣಿಗೆ ಗೀರು ಬಿದ್ದಿರಲಿಲ್ಲ, ಮೋಟರಿನ ತಲೆಗೂ ನೀರು ಏರಿರಲಿಲ್ಲ. ನನಗೆ ಜೀವ ಬಂದಂತಾಯಿತು, ಅತ್ತೆ ಬಾಯಿ ತೆರೆಯುವ ತನಕ.

"ಭುಜ ನೂಸ್ತೈತಂತ ಮೋಟರ್ ತರಾಕ ಹೇಳಿದ್ರ, ಅದನ್ನ ಚಾಲೂ ಮಾಡಾಕ ಪೈಲ್ವಾನ ಬೇಕಾಗೂವಂಥಾದ್ದ ತಂದೀಯಲ್ಲೋ! ಇನ್ನ ದೋಣಿ ಮಾರೂದs ಚಲೋ."

ಮಾಮ ನೀರನ್ನೇ ನೋಡುತ್ತಾ ಕೂತ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೋಟ ತಡೆಯಲಾಗಲಿಲ್ಲ.

ಆಮೇಲೆ ಪೈಪ್‌ಲೈನ್ ಮರೆತು ದೋಣಿಯನ್ನೇ ಕೇಳೋಣ ಎಂದುಕೊಂಡೆ. ಮೋಟರ್ ಬಿಚ್ಚಿ, ಅದರ ಬದಲು ಒಂದು ಚೀಲಕ್ಕೆ ಉಸುಕು ತುಂಬಿ ಹಿಂಭಾಗದಲ್ಲಿಟ್ಟೆವು. ಮಾಮ ತನ್ನ ಜಾಗದಲ್ಲಿ ಕೂತ. ಬಲೆ, ಬುಟ್ಟಿ, ಪೆಟ್ರೋಲ್ ಡಬ್ಬಿ ಎಲ್ಲ ಇಟ್ಟೆವು. ದೋಣಿ ಸಮನಾಗಿ ಕೂರುವ ತನಕ ಉಸುಕು ತೆಗೆಯುತ್ತಾ ಹೋದೆವು. ಉಳಿದ ಚೀಲವನ್ನು ನಾನು ಒಂದೇ ಕೈಯಲ್ಲಿ ಎತ್ತಬಹುದಿತ್ತು. ಅದನ್ನು ತೂಗಿ, ಅಷ್ಟೇ ಭಾರದ ಮೋಟರ್ ಯಾವುದೆಂದು ಸಾಂಗಲಿಯವರನ್ನು ಕೇಳಿದೆ. ಆರು ಹೆಚ್‌ಪಿ ಎಂದರು. ಮೀನು ಹಿಡಿಯುವವನಿಗೆ ಪಂದ್ಯ ಗೆಲ್ಲುವುದೇನಿಲ್ಲ, ಹೋಗಿ ಬರುವುದಷ್ಟೇ ಇದೆ, ಅದಕ್ಕೆ ಆರು ಧಾರಾಳ ಎಂದರು. ನನಗೆ ಸ್ವಲ್ಪ ನಾಚಿಕೆಯೇ ಆಯಿತು. ನಮ್ಮ ಕಡೆ ಆರು ಹೆಚ್‌ಪಿಯನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ದೊಡ್ಡದು ಸಾಂಗಲಿಗೆ ವಾಪಸ್ ಹೋಗಿ ಇದು ಬಂದ ದಿನ ಮಾಮ ಕೂತಲ್ಲಿಂದಲೇ ಎಡಗೈಯಿಂದ ಹಗ್ಗ ಜಗ್ಗಿದ. ಎರಡನೆಯ ಸಲಕ್ಕೆ ಚಾಲೂ ಆಯಿತು. ಅತ್ತೆ ತಾನೇ ಮರದ ಹಗ್ಗ ಬಿಚ್ಚಿದಳು. ದೋಣಿ ನೆಟ್ಟಗೆ, ಮೂತಿ ಮುಂದಿಟ್ಟುಕೊಂಡು ಹೋಯಿತು. ಸಪ್ಪಳ ಸಣ್ಣದಾಗುತ್ತಾ ಆಗುತ್ತಾ ಪೂರ್ತಿ ನಿಂತಿತು.

"ಬಂದ್ ಆತಲ್ಲೋ" ಎಂದು ಅತ್ತೆ ನನ್ನ ಅಂಗಿಯ ತೋಳು ಹಿಡಿದಳು. ಗಾಳಿ ಎದ್ದಿತ್ತು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ಕಡೆ ನೋಡಿದೆ.

ಬಹಳ ಹೊತ್ತಿನ ಮೇಲೆ ಮತ್ತೆ ಸಪ್ಪಳ ಕೇಳಿತು. ಗಾಳಿಗೆ ಎದುರಾಗಿ, ಅವಸರವಿಲ್ಲದೆ ದೋಣಿ ಬರುತ್ತಿತ್ತು.

"ನಡುವ ಯಾಕ ಬಂದ್ ಮಾಡಿದ್ರಿ?" ಎಂದು ಅತ್ತೆ ಜಗಳ ತೆಗೆದಳು.

"ಬಲಿ ಎತ್ತಬ್ಯಾಡೇನ ಬೇ? ಓಡಕೋಂತ ಎತ್ತಲ್ಯಾ?"

"ಭುಜಾ?"

ಮಾಮ ಬಲಭುಜ ಮುಟ್ಟಿ ನೋಡಿಕೊಂಡ. "ಅಯ್ಯ, ಬರೂವಾಗ ಅದರ ನೆನಪs ಆಗ್ಲಿಲ್ಲ ನೋಡು."

ಅತ್ತೆ ಮೀನಿನ ಬುಟ್ಟಿ ಎತ್ತಿಕೊಂಡು ಮನೆಯ ಕಡೆ ನಡೆದಳು. ದೋಣಿ ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.