ಗಿರಿಜಕ್ಕನಿಗೆ ಇದ್ದ ಕಾಯಿಲೆ

ಅಳತೆಗೆಂದು ಹಳೆಯ ರವಿಕೆ ತಂದವರನ್ನು ಗಿರಿಜಕ್ಕ ಬಾಗಿಲಿನಲ್ಲೇ ತಡೆಯುತ್ತಿದ್ದರು. "ರವಿಕೆ ಅಲ್ಲಿರ್ಲಿ, ನೀನು ಬಾ. ಹೋದ ವರ್ಷದ ಮೈ ಈಗ ಉಂಟಾ ನಿನಗೆ?" ಮೂಡುಬಿದಿರೆಯ ಬಸ್ ನಿಲ್ದಾಣದ ಹಿಂದೆ, ನನ್ನ ಜೆರಾಕ್ಸ್ ಅಂಗಡಿಗೆ ತಾಗಿಕೊಂಡೇ ಅವರ ಹೊಲಿಗೆ ಅಂಗಡಿ. ಬೈಸಿಕೊಂಡವರೇ ಮತ್ತೆ ಮದುವೆಯ ರವಿಕೆ ಹಿಡಿದು ಬರುತ್ತಿದ್ದರು. ಗಿರಿಜಕ್ಕನಿಗೆ ಮದುವೆಯಾಗಿರಲಿಲ್ಲ. ಕೇಳಿದರೆ, "ಪುರುಸೊತ್ತು ಆಗ್ಲಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅಂಥವರ ಹೊಟ್ಟೆ ಊದತೊಡಗಿತು. ಸಂಜೆಯಾದರೆ ಜ್ವರ, ಊಟ ಸೇರದು, ಕೈಕಾಲು ಕಡ್ಡಿ. ಊರಿನ ನಾಲಿಗೆಗೆ ಎಲುಬಿಲ್ಲ. ಮದುವೆಯಾಗದವಳ ಹೊಟ್ಟೆಗೆ ಅದು ಹಚ್ಚಿದ ಅರ್ಥವನ್ನು ಬರೆಯಲೂ ನನಗೆ ಹೇಸಿಗೆ.

ಸ್ಕ್ಯಾನಿನಲ್ಲಿ ಹೊಟ್ಟೆ ತುಂಬ ನೀರು ಕಂಡಿತು. ಮಂಗಳೂರಿನ ಡಾಕ್ಟರು ಆ ನೀರು ತೆಗೆದು ಪರೀಕ್ಷಿಸಿದರೂ ಏನೂ ಖಚಿತವಾಗಲಿಲ್ಲ. ಕ್ಯಾನ್ಸರ್ ಇರಬಹುದು, ಹೊಟ್ಟೆಯ ಒಳಪದರಕ್ಕೆ ಬರುವ ಟಿಬಿಯೂ ಇರಬಹುದು, ಸಣ್ಣ ತೂತು ಮಾಡಿ ಪದರದ ಚೂರು ತೆಗೆದು ನೋಡಿದರಷ್ಟೇ ತಿಳಿಯುತ್ತದೆ ಎಂದು ಅವರು ಗಿರಿಜಕ್ಕನ ಅಣ್ಣ ಶೇಖರನನ್ನು ಒಳಗೆ ಕರೆದು ಹೇಳಿದರಂತೆ. ಕಾಯಿಲೆಯವಳನ್ನು ಹೊರಗೆ ಕೂರಿಸಿ! ಅವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಕ್ಯಾನ್ಸರಿಗೆ ಕತ್ತಿ ತಾಗಿದರೆ ಮೈಯೆಲ್ಲ ಹರಡುತ್ತದೆಂದು ಯಾರೋ ಅಂದದ್ದನ್ನೇ ವೇದವಾಕ್ಯ ಮಾಡಿಕೊಂಡ. ತಂಗಿಗೆ ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿ, ಮಿಜಾರಿನ ತನ್ನ ಮನೆಯಲ್ಲಿ ಕಷಾಯ ಕುಡಿಸುತ್ತ ಮಳೆಗಾಲ ಇಡೀ ಕೂರಿಸಿದ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಕೊನೆಗೆ ಶೇಖರನ ಹೆಂಡತಿಯೇ ತಡೆಯಲಾರದೆ ಗಿರಿಜಕ್ಕನಿಗೆ ನಿಜ ಹೇಳಿದಳು. ಕೂಡಲೇ ನನಗೆ ಫೋನ್ ಬಂತು, ರಿಕ್ಷಾ ತೆಗೆದುಕೊಂಡು ಬರಬೇಕಂತೆ. ಹೋದಾಗ ಅವರು ಅಂಗಳದಲ್ಲಿ ಕಂಬ ಹಿಡಿದು ನಿಂತಿದ್ದರು. ಅಣ್ಣ ಅಡ್ಡ ಬಂದ.

"ಹೊಟ್ಟೆ ನಂದು. ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತಾಗ್ಬೇಕು. ಸಹಿ ನಾನೇ ಹಾಕ್ತೇನೆ" ಎಂದು ರಿಕ್ಷಾ ಹತ್ತಿದರು.

ಚೂರು ತೆಗೆದು ನೋಡಿದರು. ಟಿಬಿ. ಮಾತ್ರೆ ತಿಂದರೆ ವಾಸಿಯಾಗುವ ಟಿಬಿ! ಮಾತ್ರೆ ಶುರುವಾಯಿತು, ಆದರೆ ಅಷ್ಟರಲ್ಲಿ ಕರುಳು ಒಂದಕ್ಕೊಂದು ಅಂಟಿ ದಾರಿ ಕಟ್ಟಿತ್ತು. ಕೊನೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ ಬೈಗುಳಕ್ಕೂ ಶಕ್ತಿ ಇರಲಿಲ್ಲ. "ನನ್ನತ್ರ ಒಂದು ಮಾತು ಕೇಳ್ಬಹುದಿತ್ತು" ಎಂದಷ್ಟೇ ಅಂದರು.

ಗಿರಿಜಕ್ಕ ತೀರಿಹೋದ ಮೇಲೆ, ಬೊಜ್ಜದ ತಿಥಿಯೂಟದ ದಿನ ಶೇಖರ ಬಂದವರಿಗೆಲ್ಲ ಕ್ಯಾನ್ಸರ್ ಎಂದೇ ಹೇಳುತ್ತಿದ್ದ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಟಿಬಿ ಎಂದರೆ ಸಂಬಂಧ ಬರುವುದಿಲ್ಲವಂತೆ. ನಾನು ಊಟದ ನಡುವೆ ಎದ್ದು ನಿಂತೆ.

"ಶೇಖರಣ್ಣ, ಗಿರಿಜಕ್ಕನಿಗೆ ಇದ್ದದ್ದು ಟಿಬಿ. ಅದಕ್ಕೆ ಮದ್ದು ಇತ್ತು."

ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಬಡಿಸುವವನು ನನ್ನ ಎಲೆಗೆ ಪಾಯಸ ಹಾಕಿ ಮುಂದೆ ಹೋದ.