ಠಾಣೆಯಂಗಳದಲ್ಲಿ ತೊಳೆದ ಕೋವಿ

ಮುಂಬೈಯ ಭಾಂಡುಪ್. ಕಳೆದುಹೋದ ಬ್ಯಾಗಿನ ದೂರು ಕೊಡಲು ಪೊಲೀಸ್ ಠಾಣೆಯ ಬೆಂಚಿನಲ್ಲಿ ಬಹಳ ಹೊತ್ತಿನಿಂದ ಕೂತಿದ್ದೆ. ಪಕ್ಕದಲ್ಲಿ ಉಡುಪಿ ಕಡೆಯ ಶೇಖರಣ್ಣ. ಚುನಾವಣೆ ಮುಗಿಯುವವರೆಗೆ ಅವರು ತಮ್ಮ ಲೈಸೆನ್ಸಿನ ಕೋವಿಯನ್ನು ಇಲ್ಲಿ ಒಪ್ಪಿಸಬೇಕಿತ್ತು. ನಳಿಗೆಯ ಬಾಯಿಂದ ಕರಿಮದ್ದು ತುಂಬುವ ಹಳೆಯ ಬಗೆಯದು; ಮರದ ಹಿಡಿ ಅವರೇ ಕೆತ್ತಿದ್ದು. ಬೆಳಿಗ್ಗೆ ಶೂಟಿಂಗ್ ರೇಂಜಿನಲ್ಲಿ ಹಾರಿಸಿ, ತೊಳೆಯುವ ಮೊದಲೇ ಠಾಣೆಯ ಫೋನ್ ಬಂತಂತೆ.

“ಮಸಿ ಹೀಗೇ ಉಳಿದ್ರೆ ರಿಸಲ್ಟ್ ಬರುವಾಗ ನಳಿಗೆಯೇ ಇರುದಿಲ್ಲ ಮಾರಾಯ್ರೆ, ತುಕ್ಕು ತಿಂತದೆ. ಬಿಸಿನೀರು ಬೇಕು.”

ಸೊಲ್ಲಾಪುರದ ಕಾನ್‌ಸ್ಟೇಬಲ್‌ಗೆ ಕನ್ನಡ ಬರುತ್ತಿತ್ತು. ನಿದ್ದೆಗೆಟ್ಟ ಕಣ್ಣುಜ್ಜಿಕೊಂಡು ಚಹಾದವನಿಂದ ಒಂದು ಕೇಟ್ಲಿ ಬಿಸಿನೀರು ತರಿಸಿದ. ಅಂಗಳದಲ್ಲಿ ನಳಿಗೆಗೆ ಸುರಿದ ಬಿಸಿನೀರು ಕಪ್ಪಾಗಿ ಹೊರಬಂತು. ಕೊಳೆತ ಮೊಟ್ಟೆಯ ನಾತ.

“ಸಾಕೇನ್ರಿ ಕಾಕಾ?”

“ಇನ್ನೂ ಕಪ್ಪೇ ಉಂಟು.”

ಕಾನ್‌ಸ್ಟೇಬಲ್ ಮೂಗು ಮುಚ್ಚಿಕೊಂಡೇ ಚಹಾದವನಿಗೆ ಹಿಂದಿಯಲ್ಲಿ ಹೇಳಿದ: “ಇನ್ನೊಂದು ಕೇಟ್ಲಿ ತಾ. ಸಕ್ಕರೆ ಹಾಕಬೇಡ.”